ಒಲಿವಿಯಾನ ಆರು ಪಿಕ್ಚರು: ಯಾವುದು ಮೊದಲ, ಯಾವುದು ಕಡೀಕ

ಟಿವಿಯೊಳಗ ಹಳೇ ಇಂಗ್ಲಿಷ್ ಪಿಕ್ಚರ್ ಬಂತಂದ್ರ ನಾವೆಲ್ಲಾ ರಿಮೋಟ್ ಒತ್ತಿ ಮುಂದ ಹೋಗಿಬಿಡ್ತೇವಿ. ಕಪ್ಪು-ಬಿಳುಪು ಚಿತ್ರ, ಗಡಿಬಿಡಿ ಮಾತು, ಯಾರು ಯಾರಿಗೆ ಏನಾಗಬೇಕು ಅನ್ನೂದು ಗೊತ್ತಾಗೂದ್ರಾಗ ಅರ್ಧ ಪಿಕ್ಚರ್ ಮುಗದಿರ್ತದ. ಆದ್ರ ವೈನಿ, ಮಾಂಶಿ, ಮಗ್ಗಲ ಮನಿ ಅಕ್ಕಾರ, ಒಬ್ಬಾಕಿ ಸಲುವಾಗಿ ಸ್ವಲ್ಪ ತಡೀರಿ. ಒಲಿವಿಯಾ ಡಿ ಹ್ಯಾವಿಲೆಂಡ್ ಅಂತ ಆಕಿ ಹೆಸರು. ಆಕಿ ಮಾಡಿದ ಪಿಕ್ಚರ್ ಭಾಳ ಅವ. ಅದರಾಗ ಆರು ಆರಿಸಿ, ಕೆಳಗಿಂದ ಮ್ಯಾಲಕ್ಕ ನಂಬರ್ ಹಾಕೇನಿ. ನಂಬರ್ ಹಾಕಲಿಕ್ಕೆ ಒಂದ ಅಳತಿ: ಪಿಕ್ಚರಿನ್ಯಾಗ ಆಕಿ ಏನರ ಮಾಡ್ತಾಳೋ, ಇಲ್ಲಾ ಯಾರದೋ ಮಗ್ಗಲಕ್ಕ ಚಂದಾಗಿ ನಿಂತಿರ್ತಾಳೋ?

ಮೊದಲ ಆಕಿ ಯಾರು ಅಂತ ಹೇಳ್ತೇನಿ. ಹುಟ್ಟಿದ್ದು 1916ರ ಜುಲೈ 1ಕ್ಕ, ಜಪಾನಿನ ಟೋಕಿಯೋದಾಗ. ಅಪ್ಪ-ಅವ್ವ ಇಬ್ಬರೂ ಇಂಗ್ಲಿಷರು. 1919ರಾಗ ಅವ್ವ ಎರಡೂ ಹೆಣ್ಣು ಮಕ್ಕಳನ್ನ ಕಟಗೊಂಡು ಅಮೆರಿಕಾದ ಕ್ಯಾಲಿಫೋರ್ನಿಯಾಕ್ಕ ಬಂದ್ಲು, ಅಪ್ಪ ಜಪಾನಿಗೆ ಹೊಳ್ಳಿ ಹೋದ. ಸಣ್ಣಾಕಿ ಜೋನ್ ಫಾಂಟೇನ್, ಆಕಿನೂ ಮುಂದ ದೊಡ್ಡ ನಟಿ ಆದ್ಲು. ಅಕ್ಕ-ತಂಗಿ ಇಬ್ಬರಿಗೂ ಶ್ರೇಷ್ಠ ನಟಿ ಆಸ್ಕರ್ ಬಂದದ್ದು ಇವರೊಬ್ಬರ ಮನಿಯೊಳಗ. ಇಬ್ಬರ ನಡುವ ಮಾತಿಲ್ಲದ ವರ್ಷ ಭಾಳ ಇದ್ದು. ಪೇಪರಿನವರು ಅದನ್ನ ಬರದು ಬರದು ಹೊಟ್ಟಿ ತುಂಬಿಸ್ಕೊಂಡ್ರು. ನಮಗ ಅದು ಬ್ಯಾಡ, ಆಕಿ ಕೆಲಸ ನೋಡೋಣ.

ಹದಿನೆಂಟನೇ ವರ್ಷಕ್ಕ ಶೇಕ್ಸ್‌ಪಿಯರ್ ನಾಟಕದಾಗ ಪಾತ್ರ ಸಿಕ್ತು. ಅದನ್ನ ನೋಡಿ ವಾರ್ನರ್ ಬ್ರದರ್ಸ್ ಸ್ಟುಡಿಯೋದವರು ಮೊದಲ ಒಂದು ಕರಾರು, ಆಮ್ಯಾಲೆ ಏಳು ವರ್ಷದ ಕರಾರು ಮಾಡಿಸ್ಕೊಂಡ್ರು. ಅವಾಗಿನ ಹಾಲಿವುಡ್‌ದಾಗ ನಟ-ನಟಿಯರಂದ್ರ ಪಗಾರದ ನೌಕರರು. ಸ್ಟುಡಿಯೋ ಕೊಟ್ಟ ಪಾತ್ರ ಮಾಡಬೇಕು, ಬ್ಯಾರೆ ಸ್ಟುಡಿಯೋಕ್ಕ ಹೋಗಬೇಕಂದ್ರ ಇವರ ಅಪ್ಪಣಿ ಬೇಕು.

ಆರನೇ ನಂಬರು, 1936ರ 'ದ ಚಾರ್ಜ್ ಆಫ್ ದ ಲೈಟ್ ಬ್ರಿಗೇಡ್'. ಕಥಿ ಅರ್ಧ ನಡಿಯೂದು ನಮ್ಮ ದೇಶದಾಗ ಅಂತ ಹೇಳ್ತಾರ, ತಗದದ್ದು ಮಾತ್ರ ಕ್ಯಾಲಿಫೋರ್ನಿಯಾದ ಗುಡ್ಡದಾಗ. ಸೂರತ್ ಖಾನ್ ಅನ್ನೂ ಕಟ್ಟುಕಥಿ ರಾಜ ಇದ್ದಾನ, ಇತಿಹಾಸದಾಗ ಅಂಥಾಂವ ಇಲ್ಲ. ಓಟದ ದೃಶ್ಯದಾಗ ಕುದುರಿ ಕಾಲಿಗೆ ತಂತಿ ಕಟ್ಟಿ ಬೀಳಸಿದ್ರು, ಎಷ್ಟೋ ಕುದುರಿ ಸತ್ತು. ಇಬ್ಬರು ಅಣ್ಣ-ತಮ್ಮ ಒಲಿವಿಯಾನ ಸಲುವಾಗಿ ಮಾರಿ ಸಣ್ಣ ಮಾಡ್ತಾರ, ಆಕಿ ಕಣ್ಣೀರು ಒರಸ್ಕೊಳ್ತಾಳ. ಬ್ರಿಟಿಷರು ನಮ್ಮನ್ನ ಹೆಂಗ ನೋಡ್ತಿದ್ರು ಅನ್ನೂದು ತಿಳೀಬೇಕಂದ್ರ ಹತ್ತು ನಿಮಿಷ ನೋಡ್ರಿ, ಸಾಕು.

ಐದನೇದು, 1938ರ 'ದ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್'. ಇದು ಬಣ್ಣದ ಪಿಕ್ಚರು, ಅದೂ ಎಂಥಾ ಬಣ್ಣ! ಟೆಕ್ನಿಕಲರ್ ಅಂತಾರ. ಹಸರು ಅಂದ್ರ ಈಗ ಕೊಯ್ದ ಹಸರು, ಕೆಂಪಂದ್ರ ಕುಂಕುಮ. ನಾಯಕ ಎರಾಲ್ ಫ್ಲಿನ್. ಇವರಿಬ್ಬರೂ ಜೋಡಿಯಾಗಿ ಎಂಟು ಪಿಕ್ಚರ್ ಮಾಡ್ಯಾರ, ಅದರಾಗ ಇದ ಛಲೋದು. ಒಲಿವಿಯಾ ಇಲ್ಲೆ ರಾಜಮನೆತನದ ಮೇರಿಯನ್. ಮೊದಲ ರಾಬಿನ್‌ನ ಕಂಡ್ರ ಆಕಿಗೆ ಆಗಂಗಿಲ್ಲ. ಬಡವರ ಹಾಲು ಕಣ್ಣಾರೆ ನೋಡಿದ ಮ್ಯಾಲೆ ಮನಸ್ಸು ತಿರಗ್ತದ, ಜೀವಕ್ಕ ಅಪಾಯ ಅಂತ ಗೊತ್ತಿದ್ರೂ ಆಂವನ ಕಡೆ ನಿಲ್ತಾಳ. ಹುಡುಗುರು-ಹುಪ್ಪಡಿ ಕೂಡಿಸ್ಕೊಂಡು ನೋಡಲಿಕ್ಕೆ ಅಡ್ಡಿ ಇಲ್ಲ. ಆದ್ರ ಕತ್ತಿ ಹಿಡದು ಹಾರಾಡಾಂವ ಆಂವ, ಬಾಗಲಾ ಕಾಯಾಕಿ ಈಕಿ.

ನಾಲ್ಕನೇದಕ್ಕ ನೀವು ನನ್ನ ಜೋಡಿ ಜಗಳಾ ತಗೀತೀರಿ. 1939ರ 'ಗಾನ್ ವಿತ್ ದ ವಿಂಡ್'. ಹೆಸರು ಎಲ್ಲಾರಿಗೂ ಗೊತ್ತು. 1976ರ ನವೆಂಬರ್‌ದಾಗ ಅಮೆರಿಕಾದ ಎನ್‌ಬಿಸಿ ಚಾನೆಲ್ ಇದನ್ನ ಎರಡು ರಾತ್ರಿಗೆ ಹಂಚಿ ತೋರಿಸಿದಾಗ ಅಲ್ಲಿವರೆಗೆ ಯಾವ ಕಾರ್ಯಕ್ರಮಕ್ಕೂ ಕೂಡದಷ್ಟು ಮಂದಿ ಟಿವಿ ಮುಂದ ಕೂತಿದ್ರು. 1994ರ ಏಪ್ರಿಲ್ 14ಕ್ಕ ಟರ್ನರ್ ಕ್ಲಾಸಿಕ್ ಮೂವೀಸ್ ಅನ್ನೂ ಹಳೇ ಪಿಕ್ಚರಿನ ಚಾನೆಲ್ ಸುರು ಆದಾಗ ಮೊಟ್ಟಮೊದಲ ಹಾಕಿದ್ದೂ ಇದನ್ನ.

ಒಲಿವಿಯಾನ ಪಾತ್ರ ಮೆಲನಿ. ಜಾಕ್ ವಾರ್ನರ್ ಆಕಿನ್ನ ಬ್ಯಾರೆಯವರ ಪಿಕ್ಚರಿಗೆ ಕಳಸಲಿಕ್ಕೆ ಒಪ್ಪಲಿಲ್ಲ. ಅವಾಗ ಈಕಿ ಏನ ಮಾಡಿದ್ಲು ಗೊತ್ತದ? ಮಾಲಕನ ಹೆಂಡತೀನ್ನ ಚಹಾಕ್ಕ ಕರದು, ಇದ್ದದ್ದು ಇದ್ದಂಗ ಹೇಳಿ, ಆಕಿ ಕಡಿಂದ ಗಂಡಗ ಹೇಳಿಸಿದ್ಲು! ಬಾಗಲಾ ಮುಚ್ಚಿದ್ರ ಹಿತ್ತಲ ಬಾಗಲದಿಂದ ಹೋಗೂ ಯುಕ್ತಿ ಹೆಣ್ಣಮಕ್ಕಳಿಗೆ ಯಾರರ ಕಲಸಬೇಕೇನು? ಮೆಲನಿ ಬರೇ ಸಾಧು ಅಂತ ಅನಸ್ತಾಳ, ಹಂಗಲ್ಲ. ಮನಿಗೆ ನುಗ್ಗಿದ ಸಿಪಾಯಿನ್ನ ಸ್ಕಾರ್ಲೆಟ್ ಗುಂಡ ಹೊಡದು ಕೊಂದಾಗ, ಬಾಣಂತಿ ಮೆಲನಿ ಕತ್ತಿ ಎಳಕೋತ ಮೆಟ್ಟಲಾ ಮ್ಯಾಲೆ ಬಂದು ನಿಂತಿರ್ತಾಳ. ಆಮ್ಯಾಲೆ ರಕ್ತ ಒರಸೂದು ಹೆಂಗ, ಮನಿ ಮಂದಿಗೆ ಏನ್ ಸುಳ್ಳು ಹೇಳೂದು, ಎಲ್ಲಾ ಆಕಿದ ಉಪಾಯ.

ಮತ್ತ ನಾಲ್ಕನೇ ನಂಬರ್ ಯಾಕ? ಎರಡು ಕಾರಣ. ಒಂದು, ಇದು ಸ್ಕಾರ್ಲೆಟ್ ಆದ ವಿವಿಯನ್ ಲೀ ಪಿಕ್ಚರು. ಇನ್ನೊಂದು ದೊಡ್ಡದು: ಗುಲಾಮರನ್ನ ದುಡಿಸಿಕೊಂಡ ಮನಿತನಗಳನ್ನ ಇದು ಬಂಗಾರದ ಚೌಕಟ್ಟಿನ್ಯಾಗ ಹಾಕಿ ತೋರಸ್ತದ. ದಾಸಿ ಪಾತ್ರ ಮಾಡಿದ ಹ್ಯಾಟಿ ಮ್ಯಾಕ್‌ಡೇನಿಯಲ್, ಅಟ್ಲಾಂಟಾ ಊರಾಗ ನಡದ ಮೊದಲ ಪ್ರದರ್ಶನಕ್ಕ ಕರಿಯರು ಅನ್ನೂ ಕಾರಣಕ್ಕ ಬರೂ ಹಂಗಿರಲಿಲ್ಲ. ಅದ ಪಾತ್ರಕ್ಕ ಆಕಿಗೆ ಆಸ್ಕರ್ ಬಂತು. ಕರಿಯ ಜನಾಂಗದಾಗ ಆಸ್ಕರ್ ಗೆದ್ದವರಾಗ ಆಕಿನ ಮೊದಲಿನಾಕಿ. ಆದ್ರ ಸಮಾರಂಭದಾಗ ಉಳಿದ ನಟರ ಜೋಡಿ ಕೂಡಸಲಿಲ್ಲ, ಬ್ಯಾರೆ ಮೇಜು ಹಾಕಿದ್ರು. ಅದ ಬಹುಮಾನಕ್ಕ ಒಲಿವಿಯಾನ ಹೆಸರೂ ಇತ್ತು, ಸೋತ್ಲು. ಪಂಕ್ತಿಭೇದ ಅಂದ್ರ ಏನು ಅಂತ ನಮಗ ಬಿಡಿಸಿ ಹೇಳಬೇಕಾಗಿಲ್ಲ. ಪಿಕ್ಚರ್ ನೋಡ್ರಿ, ಆದ್ರ ಇದನ್ನ ಮನಸ್ಸಿನ್ಯಾಗ ಇಟಗೊಂಡು ನೋಡ್ರಿ.

ಈಗ ಮೂರನೇ ನಂಬರಿಗೆ ಹೋಗೂ ಮೊದಲ ಒಂದು ಕೋರ್ಟಿನ ಕಥಿ ಹೇಳಬೇಕು. ಇದು ಗೊತ್ತಿಲ್ಲದ ಮ್ಯಾಲಿನ ಮೂರು ಪಿಕ್ಚರ್ ಅರ್ಥ ಆಗೂದಿಲ್ಲ.

ಮೆಲನಿ ಆದಮ್ಯಾಲೂ ವಾರ್ನರಿನವರು ಆಕಿಗೆ ಅದ ಹಳೇ ಪಾತ್ರ ಕೊಟ್ರು. ಆಕಿ ಒಲ್ಲೆ ಅಂದ್ಲು. ಒಲ್ಲೆ ಅಂದ್ರ ಸಸ್ಪೆಂಡ್. ಪಗಾರ ಬಂದ್, ಅಷ್ಟ ಅಲ್ಲ, ಮನ್ಯಾಗ ಕೂತ ಅಷ್ಟೂ ದಿನಾ ಕರಾರಿನ ಕಡಿಗೆ ಸೇರಸ್ತಿದ್ರು. ರಜಾ ಹಾಕಿದ್ರ ಪಗಾರ ಕತ್ತರಿಸೂದು ಒಂದು. ಪಗಾರನೂ ಕತ್ತರಿಸಿ, ಆ ದಿನಾ ಹೊಳ್ಳಿ ದುಡದು ತೀರಸು ಅನ್ನೂದು ಇನ್ನೊಂದು. ಹಿಂಗಾದ್ರ ಏಳು ವರ್ಷ ಯಾವಾಗ ಮುಗೀಬೇಕು? 1943ರಾಗ ಆಕಿ ಕರಾರು ಮುಗೀತು ಅನ್ನೂದ್ರಾಗ ಸ್ಟುಡಿಯೋ ಇನ್ನೂ ಸುಮಾರು ಆರು ತಿಂಗಳು ಬಾಕಿ ಅದ ಅಂತು.

ಬೆಟ್ಟಿ ಡೇವಿಸ್ ಅನ್ನೂ ನಟಿ 1936ರಾಗ ಇದ ಸ್ಟುಡಿಯೋದ ಜೋಡಿ ಲಂಡನ್ ಕೋರ್ಟಿನ್ಯಾಗ ಗುದ್ದಾಡಿ ಸೋತಿದ್ಲು. ಹಂಗಿದ್ರೂ ಒಲಿವಿಯಾ ಹೆದರಲಿಲ್ಲ. ಯಾರನ್ನೂ ಏಳು ವರ್ಷಕ್ಕಿಂತ ಹೆಚ್ಚು ಕರಾರಿನ್ಯಾಗ ಕಟ್ಟಿಹಾಕೂ ಹಂಗಿಲ್ಲ ಅಂತ ಕ್ಯಾಲಿಫೋರ್ನಿಯಾದ ಕಾಯ್ದೆ ಮೊದಲಿಂದನೂ ಇತ್ತು. ಏಳು ವರ್ಷ ಅಂದ್ರ ಕ್ಯಾಲೆಂಡರಿನ ಏಳು ವರ್ಷ, ಸ್ಟುಡಿಯೋದ ಲೆಕ್ಕದ್ದಲ್ಲ ಅಂತ ಆಕಿ ವಕೀಲರು ವಾದ ಮಾಡಿದ್ರು. 1944ರಾಗ ಗೆದ್ಲು. ವಾರ್ನರಿನವರು ಅಪೀಲು ಹಾಕಿದ್ರು, ಅದ ವರ್ಷದ ಕಡೀಕ ಅಲ್ಲೂ ಗೆದ್ಲು. ಈ ನಡುವ ವಾರ್ನರ್ ಉಳಿದ ಸ್ಟುಡಿಯೋಗಳಿಗೆಲ್ಲಾ ಈಕಿಗೆ ಕೆಲಸ ಕೊಡಬ್ಯಾಡ್ರಿ ಅಂತ ಬರದ. ಕೆಲಸ ಇಲ್ಲದ ಆ ದಿನಗಳಾಗ ಆಕಿ ಮಹಾಯುದ್ಧದಾಗ ಗಾಯ ಆದ ಸೈನಿಕರನ್ನ ನೋಡಲಿಕ್ಕೆ ದವಾಖಾನಿ ದವಾಖಾನಿ ಅಡ್ಡಾಡಿದ್ಲು. ಆ ತೀರ್ಪಿಗೆ ಇವತ್ತಿಗೂ 'ಡಿ ಹ್ಯಾವಿಲೆಂಡ್ ಕಾಯ್ದೆ' ಅಂತನ ಕರೀತಾರ. ಗೆದ್ದದ್ದು ಒಬ್ಬಾಕಿ, ಬಿಡುಗಡಿ ಆದದ್ದು ಎಲ್ಲಾರಿಗೂ.

ಮೂರನೇದು, 1946ರ 'ಟು ಈಚ್ ಹಿಸ್ ಓನ್'. ಬಿಡುಗಡಿ ಆದಮ್ಯಾಲೆ ತಾನ ಆರಿಸ್ಕೊಂಡ ಪಾತ್ರ. ಸಣ್ಣ ಊರಿನ ಹುಡುಗಿ, ಮೊದಲನೇ ಮಹಾಯುದ್ಧದ ಕಾಲ. ವಿಮಾನದ ಪೈಲಟ್ ಒಬ್ಬಾಂವ ಬರ್ತಾನ, ಯುದ್ಧದಾಗ ಸಾಯ್ತಾನ. ಮದುವಿ ಇಲ್ಲದ ಹುಟ್ಟಿದ ಕೂಸು ಬ್ಯಾರೆಯವರ ಮಡಲಿಗೆ ಬೀಳ್ತದ, ಹಡದಾಕಿ ಪರಕೀಯಾಕಿ ಆಗಿ ನೋಡ್ಕೋತ ನಿಲ್ಲಬೇಕಾಗ್ತದ. ಕರುಳು ಹಿಂಡ್ತದ್ರಿ. ಒಂದ ಪಿಕ್ಚರಿನ್ಯಾಗ ಹದಿಹರೆಯದ ಹುಡುಗಿಯಿಂದ ಕೂದಲಾ ಬೆಳ್ಳಗಾದ ಹೆಂಗಸಿನ ತನಕ ಆಕಿ ನಡಿಗಿ, ದನಿ, ಕೂಡೂ ರೀತಿ ಎಲ್ಲಾ ಬದಲಾಗೂದು ನೋಡ್ರಿ. ಇದಕ್ಕ ಆಕಿಗೆ ಮೊದಲ ಆಸ್ಕರ್ ಬಂತು.

ಎರಡನೇದು, 1948ರ 'ದ ಸ್ನೇಕ್ ಪಿಟ್'. ಮೇರಿ ಜೇನ್ ವಾರ್ಡ್ ಅನ್ನೂ ಲೇಖಕಿ ತಾನು ಮಾನಸಿಕ ಆಸ್ಪತ್ರ್ಯಾಗ ಇದ್ದದ್ದರ ಅನುಭವದಿಂದ ಬರದ ಕಾದಂಬರಿ ಇದಕ್ಕ ಆಧಾರ. ವರ್ಜೀನಿಯಾ ಅನ್ನಾಕಿಗೆ ತಾನು ಎಲ್ಲಿದ್ದೇನಿ ಅನ್ನೂದ ಗೊತ್ತಿಲ್ಲ. ಗದ್ದಲ, ತುಂಬಿ ತುಳಕೂ ವಾರ್ಡು, ಕರೆಂಟ್ ಕೊಡೂದು, ಸಿಡಿಮಿಡಿ ನರ್ಸು. ಒಲಿವಿಯಾ ಖರೇ ಆಸ್ಪತ್ರಿಗಳಿಗೆ ಹೋಗಿ ರೋಗಿಗಳನ್ನ ನೋಡಿ ಬಂದು, ಪೌಡರ್-ಲಿಪ್‌ಸ್ಟಿಕ್ ಬಿಟ್ಟು, ಬಾಡಿದ ಮಾರೀಲೆ ಕ್ಯಾಮೆರಾ ಮುಂದ ನಿಂತ್ಲು. 'ತಲಿ ಕೆಟ್ಟದ' ಅಂತ ಮನಿ ಮೂಲಿಗೆ ಹಾಕಿದ ಹೆಣ್ಣಮಕ್ಕಳು ಯಾವ ಊರಾಗಿಲ್ಲ ಹೇಳ್ರಿ? ಅಂಥಾಕಿಯನ್ನ ಇದು ಹೆದರಿಸಲಿಕ್ಕಲ್ಲ, ತಿಳಕೊಳ್ಳಲಿಕ್ಕೆ ತೋರಸ್ತದ. ರಾತ್ರಿ ಒಬ್ಬರ ಕೂತು ನೋಡಬ್ಯಾಡ್ರಿ, ಮನಸ್ಸು ಭಾರ ಆಗ್ತದ.

ಒಂದನೇ ನಂಬರು, 1949ರ 'ದ ಏರೆಸ್'. ಹೆನ್ರಿ ಜೇಮ್ಸ್ ಬರದ 'ವಾಷಿಂಗ್ಟನ್ ಸ್ಕ್ವೇರ್' ಕಾದಂಬರಿ ನಾಟಕ ಆಗಿತ್ತು. ಅದನ್ನ ನೋಡಿ ಒಲಿವಿಯಾನ ನಿರ್ದೇಶಕ ವಿಲಿಯಂ ವೈಲರ್‌ಗೆ ಇದನ್ನ ಮಾಡೋಣು ಅಂದಾಕಿ. ನ್ಯೂಯಾರ್ಕಿನ ಶ್ರೀಮಂತ ಡಾಕ್ಟರ್, ಆಂವಗ ಒಬ್ಬಾಕಿನ ಮಗಳು ಕ್ಯಾಥರೀನ್. ಸತ್ತ ಹೆಂಡತಿ ರೂಪ-ಗುಣ ನೆನಸಿ ನೆನಸಿ, ನೀ ಅವ್ವನ ಹಂಗಿಲ್ಲ ಅಂತ ಮಗಳನ್ನ ದಿನಾ ಚುಚ್ತಾನ. ಮಾಂಟ್ಗೊಮರಿ ಕ್ಲಿಫ್ಟ್ ಅನ್ನೂ ಚಂದನ ನಟ ಮಾರಿಸ್ ಆಗಿ ಬರ್ತಾನ, ಪ್ರೀತಿ ಅಂತಾನ. ಆಂವಗ ಬೇಕಾದದ್ದು ಆಕಿನೋ, ಆಕಿಗೆ ಬರೂ ಆಸ್ತಿನೋ? ಓಡಿಹೋಗೂ ರಾತ್ರಿ ಆಕಿ ಗಂಟು-ಮೂಟಿ ಕಟಗೊಂಡು ಗಾಡಿ ಸಪ್ಪಳಕ್ಕ ಕಾಯ್ತಾಳ. ಯಾರೂ ಬರಂಗಿಲ್ಲ. ಆಮ್ಯಾಲೆ ಸೂಟ್‌ಕೇಸ್ ಹಿಡದು ಮೆಟ್ಟಲಾ ಏರೂ ದೃಶ್ಯ. ವೈಲರ್‌ಗೆ ಆ ದಣಿವು ಖರೇ ಕಾಣಬೇಕಾಗಿತ್ತು. ಅದಕ್ಕ ಖಾಲಿ ಸೂಟ್‌ಕೇಸಿನ್ಯಾಗ ಭಾರ ತುಂಬಿಸಿ ಹೊತ್ತು ಏರಿಸಿದ ಅಂತ ಹೇಳ್ತಾರ. ವರ್ಷಗಳಾದಮ್ಯಾಲೆ ಮಾರಿಸ್ ಹೊಳ್ಳಿ ಬರ್ತಾನ. ಅವಾಗ ಆಕಿ ಏನ ಮಾಡ್ತಾಳ ಅನ್ನೂದು ನಾ ಹೇಳಂಗಿಲ್ಲ. ಇದಕ್ಕ ಆಕಿಗೆ ಎರಡನೇ ಆಸ್ಕರ್.

ನಂಬರ್ ಹಾಕಿ ಮುಗಿಸಿದ ಮ್ಯಾಲೆ ಒಂದು ಮಾತು ಎದ್ದು ಕಾಣ್ತದ. ಕೆಳಗಿನ ಮೂರೂ ಕರಾರಿನ ಕಾಲದ್ದು, ಮ್ಯಾಲಿನ ಮೂರೂ ಕೋರ್ಟ್ ಗೆದ್ದ ಮ್ಯಾಲಿನದು. ಆಕಿ ಕೈಯಾಗ ಅದ ಕಲೆ ಮೊದಲೂ ಇತ್ತು. ಬದಲಾದದ್ದು ಒಂದ: 'ಒಲ್ಲೆ' ಅನ್ನೂ ಹಕ್ಕು. ಹೆಣ್ಣಮಗಳ ಕೆಲಸ ಸುಮಾರದ ಅಂತ ಯಾರರ ಅಂದಾಗ, ಆಕಿಗೆ ಆರಿಸ್ಕೊಳ್ಳಲಿಕ್ಕೆ ಏನಿತ್ತು ಅಂತ ಮೊದಲ ಕೇಳಬೇಕು.

ಆಕಿ ಮುಂದ ಪ್ಯಾರಿಸಿಗೆ ಹೋಗಿ ನೆಲಿಸಿದ್ಲು. 1965ರಾಗ ಕಾನ್ ಚಿತ್ರೋತ್ಸವದ ತೀರ್ಪುಗಾರರಿಗೆ ಅಧ್ಯಕ್ಷೆ ಆದ ಮೊದಲ ಹೆಣ್ಣಮಗಳು ಆಕಿ. 2020ರ ಜುಲೈದಾಗ, 104 ತುಂಬಿದ ಮ್ಯಾಲೆ, ಅಲ್ಲೇ ತೀರಿಕೊಂಡ್ಲು.

ನೋಡೂ ಮೊದಲ ಒಂದು ಸಣ್ಣ ಸೂಚನಾ. ಈ ಪಿಕ್ಚರೆಲ್ಲಾ ಹಳೇ ಡಬ್ಬಿ ಟಿವಿ ಹಂಗ ಹೆಚ್ಚುಕಡಿಮಿ ಚೌಕ ಆಕಾರದಾಗ ತಗದದ್ದು. ಹೊಸಾ ಅಗಲ ಟಿವಿಯೊಳಗ ಎಡಕ್ಕ-ಬಲಕ್ಕ ಕಪ್ಪು ಪಟ್ಟಿ ಬರ್ತದ, ಅದು ಇರ್ಲಿ. ಪಟ್ಟಿ ಹೋಗಲಿ ಅಂತ ಹಿಗ್ಗಿಸಿದ್ರ ಎಲ್ಲಾರ ಮಾರಿನೂ ಹೋಳಿಗಿ ಹಂಗ ಅಗಲ ಆಗ್ತದ. ಕೆಳಗ ಅಕ್ಷರ ಬರೂ ಹಂಗ ಮಾಡ್ಕೊಳ್ರಿ, ಗಡಿಬಿಡಿ ಇಂಗ್ಲಿಷ್ ಸಲೀಸ ಆಗ್ತದ. ಒಂದ ಸಂಜಿ ಬಿಡುವು ಇದ್ರ 'ದ ಏರೆಸ್' ನೋಡ್ರಿ. ನೋಡಿ ಆದಮ್ಯಾಲೆ ಕ್ಯಾಥರೀನ್ ಮಾಡಿದ್ದು ಸರಿನೋ, ಅತಿ ಆತೋ ಅಂತ ನಿಮ್ಮ ನಿಮ್ಮೊಳಗ ವಾದ ಮಾಡ್ರಿ. ಆಕಿ ಮಾಡಿದ್ದು ಸರಿ ಅಂತ ನನ್ನ ಮತ.