ಪುಣೆ-ಮುಂಬಯಿಯ ಹಾದಿ: ಕನ್ನಡ ಪದವೀಧರರ ಪರಪ್ರಾಂತವಾಸವೂ ಲೋಕಸೇವೆಯೂ

ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದುದು 1917ರಲ್ಲಿ. ಅದಕ್ಕೆ ಮೊದಲು ಮುಂಬಯಿ ಇಲಾಖೆಗೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಮೆಟ್ರಿಕ್ಯುಲೇಶನ್ ಪರೀಕ್ಷೆ ದಾಟಿದ ತರುಣನಿಗೆ ಉಚ್ಚ ವಿದ್ಯೆ ಬೇಕಾದರೆ ಸ್ವಂತ ನಾಡಿನಲ್ಲಿ ನೆಲೆಯಿರಲಿಲ್ಲ. 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯವೇ ಆತನ ವಿಶ್ವವಿದ್ಯಾಲಯ. ಪುಣೆ ಇಲ್ಲವೆ ಮುಂಬಯಿಯೇ ಆತನ ವಿದ್ಯಾಕ್ಷೇತ್ರ. ಹೀಗೆ ಅರುವತ್ತು ವರ್ಷಗಳ ಕಾಲ ಕನ್ನಡ ನಾಡಿನ ಬುದ್ಧಿವಂತ ಮಕ್ಕಳು ಬುತ್ತಿ ಕಟ್ಟಿಕೊಂಡು ಪರಭಾಷೆಯ ಪಟ್ಟಣಗಳಿಗೆ ಹೋಗಬೇಕಾಯಿತು. ಇದು ನಾಡಿನ ದೈನ್ಯವೆಂದು ಆಗಿನವರು ಮರುಗಿದರು. ಆ ಮರುಕ ಸಹಜವಾದುದೇ. ಆದರೆ ಉತ್ತರ ಕರ್ನಾಟಕದ ಜಾಗೃತಿಯ ಚರಿತ್ರೆಯನ್ನು ಸಾವಧಾನದಿಂದ ನೋಡಿದವರಿಗೆ, ಈ ದೈನ್ಯದ ಹಾದಿಯಿಂದಲೇ ನಾಡಿನ ಭಾಗ್ಯವೂ ನಡೆದು ಬಂದಿತೆಂಬುದು ವಿದಿತವಾಗದೆ ಇರದು.

ಮನೆ ಬಿಟ್ಟು ಹೊರಡುವುದು ಆ ದಿನಗಳಲ್ಲಿ ಸುಲಭವಾಗಿರಲಿಲ್ಲ. ಧಾರವಾಡದಿಂದ ಪುಣೆಗೆ ಸುಮಾರು 250 ಮೈಲುಗಳ ದಾರಿ; ರೈಲು ಬರುವುದಕ್ಕೆ ಮೊದಲು ಅದನ್ನು ಚಕ್ಕಡಿಯಲ್ಲಿಯೋ ಕಾಲ್ನಡೆಯಲ್ಲಿಯೋ ಸವೆಸಬೇಕು. ದಾರಿಗಿಂತಲೂ ಹಿರಿಯರ ಅಂಜಿಕೆ ದೊಡ್ಡದು. ಪರಸ್ಥಳದಲ್ಲಿ ಊಟ ಹೇಗೆ, ನಿತ್ಯಪೂಜೆ ಹೇಗೆ, ಮಗ ಮರಳಿ ಬಂದಾನೆ, ಬಂದರೂ ನಮ್ಮವನಾಗಿ ಉಳಿದಾನೆ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವವರು ಯಾರು? ಆದರೂ ಈ ಸಮಾಜಕ್ಕೆ ಸಂಚಾರವು ಹೊಸದೇನೂ ಅಲ್ಲ. ಸ್ಥಾವರಕ್ಕಿಂತ ಚರವನ್ನು ಹಿರಿದೆಂದು ಎಣಿಸಿ, ಊರಿಂದೂರಿಗೆ ನಡೆಯುವ ಜಂಗಮನಿಗೆ ಪಾದೋದಕವಿತ್ತು ಬರಮಾಡಿಕೊಂಡ ಮನೆಗಳೇ ಇವು. ಕಾಶ್ಮೀರದಿಂದ ಮೋಳಿಗೆಯ ಮಾರಯ್ಯನೂ ಸೌರಾಷ್ಟ್ರದಿಂದ ಆದಯ್ಯನೂ ಕನ್ನಡ ನಾಡಿಗೆ ಬಂದರೆಂದು ಪುರಾಣಗಳು ಹೇಳುತ್ತವೆ. ಹೊರಗಿನವರು ಬಂದುದನ್ನು ಹಾಡಿ ಹೊಗಳಿದ ಮನೆಗಳು ತಮ್ಮ ಮಕ್ಕಳು ಹೊರಡುವಾಗ ಮಾತ್ರ ಹೊಸಿಲಲ್ಲಿ ಅಡ್ಡ ನಿಂತುದು ಸೋಜಿಗವೇ ಸರಿ.

ಈ ಹಾದಿಯಲ್ಲಿ ಮುಂಚಿತವಾಗಿ ಕಾಲಿಟ್ಟವರಲ್ಲಿ ಡೆಪ್ಯುಟಿ ಚನ್ನಬಸಪ್ಪನವರು (1834-1881) ಗಣ್ಯರು. ಪುಣೆಯಲ್ಲಿ ವಿದ್ಯೆ ಪಡೆದು ಮರಳಿದ ಅವರು ವಿದ್ಯಾ ಇಲಾಖೆಯನ್ನು ಸೇರಿ, ಮರಾಠಿ ಶಾಲೆಗಳೇ ತುಂಬಿದ್ದ ಕನ್ನಡ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ಬೆಳೆಸಲು ಹೆಣಗಿದರು. ಕಾಲಿದಾಸನ ಶಾಕುಂತಲವನ್ನೂ ಶೇಕ್ಸ್‌ಪಿಯರನ ಒಂದು ಪ್ರಹಸನವನ್ನೂ ಕನ್ನಡಿಸಿದರು. ಮರಾಠಿಯನ್ನು ಚೆನ್ನಾಗಿ ಬಲ್ಲವರೇ ಕನ್ನಡಕ್ಕಾಗಿ ನಿಂತುದು ಇಲ್ಲಿ ಲಕ್ಷಿಸತಕ್ಕ ಸಂಗತಿ. ಪರಭಾಷೆಯನ್ನು ಅರಿಯದವನ ಸ್ವಭಾಷಾಭಿಮಾನವು ಎಷ್ಟೋ ಸಲ ಬರಿಯ ಹಟವಾಗಿ ಮುಗಿಯುತ್ತದೆ, ಅರಿತವನದು ಕೆಲಸವಾಗುತ್ತದೆ.

ಇದಕ್ಕೆ ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಜೀವನಕ್ಕಿಂತ ಸ್ಪಷ್ಟವಾದ ನಿದರ್ಶನವು ದೊರೆಯಲಾರದು. 1880ರಲ್ಲಿ ಧಾರವಾಡದಲ್ಲಿ ಜನಿಸಿದ ಅವರಿಗೆ ತಂದೆ ಗುರುಬಸಪ್ಪನವರು ಶಿಕ್ಷಕರೂ ಲೇಖಕರೂ ಆಗಿದ್ದುದು ಒಂದು ಭಾಗ್ಯ. ಮೆಟ್ರಿಕ್ಯುಲೇಶನ್ ಮುಗಿಸಿ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು, 1901ರಲ್ಲಿ ಬಿ.ಎ. ಪದವಿಯನ್ನೂ 1904ರಲ್ಲಿ ಕಾಯಿದೆಯ ಪದವಿಯನ್ನೂ ಪಡೆದರು. ಆ ಮುಂಬಯಿಯಾದರೂ ಎಂತಹದು! ಗುಜರಾತಿಯ ‘ಮುಂಬಯಿ ಸಮಾಚಾರ’ ಪತ್ರಿಕೆಯು 1822ರಿಂದಲೇ ಅಲ್ಲಿ ನಡೆಯುತ್ತಿದ್ದಿತು. ಮರಾಠಿಗರಿಗೆ ತಮ್ಮ ನಾಟಕಗೃಹಗಳು, ಗ್ರಂಥಮಾಲೆಗಳು, ಸಭೆಗಳು. ಪಾರಸಿಗಳಿಗೆ ತಮ್ಮ ಧರ್ಮಶಾಲೆಗಳು, ಶಾಲೆಗಳು. ತಮ್ಮ ತಮ್ಮ ನುಡಿಯಲ್ಲಿ ಗುಜರಾತಿಗಳಿಗೂ ಮರಾಠಿಗರಿಗೂ ಇದ್ದ ಅಭಿಮಾನವನ್ನು ಕಂಡು ಈ ಕನ್ನಡ ವಿದ್ಯಾರ್ಥಿಯ ಮನಸ್ಸು ಕಲಕಿತು. ಅವರೇ ಧಾರವಾಡದಲ್ಲಿ ಉಳಿದಿದ್ದರೆ ಕನ್ನಡದ ಬಡತನವು ಅವರ ಕಣ್ಣಿಗೆ ಬಡತನವಾಗಿ ತೋರುತ್ತಿರಲಿಲ್ಲ. ಹುಟ್ಟಿದಂದಿನಿಂದ ಕಂಡುದು ಸಹಜವೆನಿಸಿಬಿಡುತ್ತದೆ. ನೆರೆಮನೆಯ ದೀಪವನ್ನು ನೋಡಿ ಬಂದವನಿಗೇ ತನ್ನ ಮನೆಯ ಕತ್ತಲೆ ಕಾಣುವುದು.

ಮುಂಬಯಿಯಲ್ಲಿಯೇ ನಿಂತು ವಕೀಲಿ ಮಾಡಿದ್ದರೆ ಹಣಕ್ಕೆ ಕೊರತೆ ಇರುತ್ತಿರಲಿಲ್ಲ. ಅವರು ಆರಿಸಿಕೊಂಡುದು ಬರಗಾಲಕ್ಕೆ ಹೆಸರಾದ ವಿಜಾಪುರವನ್ನು. ಅಲ್ಲಿ 1910ರಲ್ಲಿ ಜಿಲ್ಲೆಯ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯೂ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕೂ ಅವರ ಶ್ರಮದಿಂದ ತಲೆಯೆತ್ತಿದವು. ಇವೆಲ್ಲಕ್ಕೂ ಮಿಗಿಲಾದುದು ವಚನಶಾಸ್ತ್ರದ ಉದ್ಧಾರ. ಮನೆಮನೆಯ ಜಗುಲಿಯ ಮೇಲೆ ವಸ್ತ್ರದಲ್ಲಿ ಸುತ್ತಿಟ್ಟು ಪತ್ರಿ-ವಿಭೂತಿಗಳಿಂದ ಪೂಜಿಸುತ್ತಿದ್ದ, ಆದರೆ ಬಿಚ್ಚಿ ಓದುವವರಿಲ್ಲದೆ ಹುಳುವಿಗೆ ಆಹಾರವಾಗುತ್ತಿದ್ದ ತಾಡವೋಲೆಗಳನ್ನು ಊರೂರು ತಿರುಗಿ ಬೇಡಿ ತಂದು, ಪ್ರತಿಮಾಡಿ, ಪಾಠ ಹೋಲಿಸಿ ನೋಡಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಅಚ್ಚುಕೂಟವನ್ನು ನಂಬಿ ಇಂತಹ ಕಾರ್ಯವು ಸಾಗದೆಂದು ಕಂಡು, ಇದ್ದ ಮನೆಯನ್ನು ಮಾರಿ 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮರುವರ್ಷ ‘ಶಿವಾನುಭವ’ ಪತ್ರಿಕೆ, ಅದರ ಮರುವರ್ಷ ‘ನವಕರ್ನಾಟಕ’. 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠವು ಅವರಿಗೆ ಸಂದಿತು. ಕೀರ್ತಿಯು ಬಂದಿತು, ಸಿರಿಯು ಬರಲಿಲ್ಲ. 1964ರಲ್ಲಿ ಲಿಂಗೈಕ್ಯರಾಗುವವರೆಗೂ ಅವರ ಬಾಳು ಬಡತನದ್ದೇ ಆಗಿದ್ದಿತು. ಇಂದು ನಾಡೆಲ್ಲವೂ ವಚನಗಳನ್ನು ಹಾಡುತ್ತದೆ; ಮಾರಿದ ಮನೆಯನ್ನು ನೆನೆಯುವವರು ವಿರಳ.

ಪುಣೆ-ಮುಂಬಯಿಗೆ ಹೋದವರೆಲ್ಲರೂ ಹಳಕಟ್ಟಿಯವರಾಗಲಿಲ್ಲವೆಂಬುದನ್ನು ಮರೆಮಾಡಬಾರದು. ಹೋದವರು ಅನೇಕರು ಅಲ್ಲಿಯ ಉಡುಪನ್ನು ತಂದರು, ಅಲ್ಲಿಯ ಉತ್ಸಾಹವನ್ನು ತರಲಿಲ್ಲ. ಮನೆಯಲ್ಲಿ ಕನ್ನಡವಾಡುತ್ತ ಹೊರಗೆ ಮರಾಠಿಯಲ್ಲಿ ಪತ್ರ ಬರೆಯುವುದೇ ಸುಶಿಕ್ಷಿತರ ಲಕ್ಷಣವೆಂಬ ಭ್ರಮೆಯು ಬೆಳಗಾವಿಯ ಸೀಮೆಯಲ್ಲಿ ಬಹುಕಾಲವಿದ್ದಿತು. ಸರಕಾರಿ ಕುರ್ಚಿ ದೊರೆತೊಡನೆ ಊರಿನ ಋಣ ತೀರಿತೆಂದು ಬಗೆದವರೂ ಇದ್ದರು. ಅಲ್ಲದೆ ಈ ಹಾದಿಯು ಬಹುಮಟ್ಟಿಗೆ ಗಂಡುಮಕ್ಕಳಿಗೆ ಮಾತ್ರ ತೆರೆದಿದ್ದಿತು. ಅಣ್ಣನು ಪುಣೆಯಲ್ಲಿ ಓದುವಾಗ ತಂಗಿಯು ಅಕ್ಷರವನ್ನೂ ಕಾಣದೆ ಅತ್ತೆಯ ಮನೆ ಸೇರುತ್ತಿದ್ದಳು. ಆ ಲೋಪಕ್ಕೆ ಸಮಾಜವು ತೆತ್ತ ಬೆಲೆಯನ್ನು ಲೆಕ್ಕ ಹಾಕಿದವರಿಲ್ಲ.

ಪುಣೆಯಿಂದ ಬಂದ ಇನ್ನೊಂದು ಬೀಜವು ಬೆಳಗಾವಿಯಲ್ಲಿ ಮೊಳೆಯಿತು. ಅಲ್ಲಿ 1884ರಲ್ಲಿ ಹುಟ್ಟಿದ ಡೆಕ್ಕನ್ ಎಜುಕೇಶನ್ ಸೊಸಾಯಿಟಿಯು ಮರುವರ್ಷ ಫರ್ಗ್ಯುಸನ್ ಕಾಲೇಜನ್ನು ತೆರೆದಿದ್ದಿತು. ಅಲ್ಪ ವೇತನದಲ್ಲಿ ಇಪ್ಪತ್ತು ವರ್ಷ ಕಲಿಸುವೆವೆಂದು ಪಣತೊಟ್ಟ ಆಜೀವ ಸದಸ್ಯರೇ ಅದರ ಬಲ. ಗೋಪಾಲ ಕೃಷ್ಣ ಗೋಖಲೆಯವರೂ ಅವರಲ್ಲಿ ಒಬ್ಬರು. ಈ ಮಾದರಿಯನ್ನು ಕಣ್ಮುಂದಿಟ್ಟುಕೊಂಡು ಏಳು ಮಂದಿ ತರುಣ ಶಿಕ್ಷಕರು 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಒಂದು ಆಂಗ್ಲ ಶಾಲೆಯನ್ನು ಆರಂಭಿಸಿದರು. ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸಾಯಿಟಿಯ ಮೂಲವಿದು. ಜನರು ಪ್ರೀತಿಯಿಂದ ಅವರನ್ನು ಸಪ್ತರ್ಷಿಗಳೆಂದು ಕರೆದರು. ವಿದ್ಯಾರ್ಥಿಗಳ ನೆರವಿಗಾಗಿ ಮೊದಲೇ ದುಡಿದಿದ್ದ ಗಿಲಗಂಚಿ ಗುರುಸಿದ್ಧಪ್ಪ, ಅರಟಾಳ ರುದ್ರಗೌಡರ ಹೆಸರನ್ನು ಆ ಶಾಲೆಯು ಹೊತ್ತಿತು. 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಆಸ್ತಿಯನ್ನೇ ವಿದ್ಯೆಗೆ ಮೀಸಲಿಟ್ಟ ಸಿರಸಂಗಿ ಲಿಂಗರಾಜರ ಹೆಸರನ್ನು 1933ರ ಕಾಲೇಜು ಹೊತ್ತಿತು.

ಆ ಕಾಲೇಜಿನಲ್ಲಿ ಹಾದಿಯು ಹಿಮ್ಮುಖವಾಗಿಯೂ ನಡೆಯಿತು. ತಮಿಳರಾದ ಕೆ. ಆರ್. ಶ್ರೀನಿವಾಸ ಅಯ್ಯಂಗಾರ್ಯರು ಅಲ್ಲಿ ಇಂಗ್ಲಿಷ್ ಕಲಿಸಲು ಬಂದರು. ಸಪ್ತರ್ಷಿಗಳಲ್ಲೊಬ್ಬರಾದ ಶಿ. ಶಿ. ಬಸವನಾಳರೊಡನೆ ಕುಳಿತು ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಂದರು. ಆ ಗ್ರಂಥವು 1940ರಲ್ಲಿ ಪ್ರಕಟವಾಯಿತು. ಹೊರನಾಡಿನಿಂದ ಬಂದ ಅಧ್ಯಾಪಕನಿಗೆ ಎಡೆಕೊಟ್ಟುದರ ಫಲವು ಬಸವವಾಣಿಗೇ ಹೊರದಾರಿಯಾಗಿ ಪರಿಣಮಿಸಿತು.

ಈಗ ಪದವಿಗಾಗಿ ಯಾರೂ ಜಿಲ್ಲೆಯನ್ನು ಬಿಡಬೇಕಾಗಿಲ್ಲ. ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದ ಮಕ್ಕಳು ಪುಣೆಯನ್ನಷ್ಟೇ ಅಲ್ಲ, ಅಮೇರಿಕೆಯನ್ನೂ ಸುಲಭವಾಗಿ ತಲುಪುತ್ತಾರೆ. ಆದರೆ ಹೋಗಿ, ಅಲ್ಲಿಯೂ ತಮ್ಮವರ ಗುಂಪಿನಲ್ಲಿಯೇ ಇದ್ದು, ಸಂಬಳವನ್ನು ಮಾತ್ರ ಎಣಿಸಿ ಬರುವುದು ಹಳೆಯವರು ಕಂಡ ಪರಪ್ರಾಂತವಾಸವಲ್ಲ. ನೆರೆನಾಡಿನ ಒಂದು ನುಡಿಯನ್ನು ಕಲಿತು, ಅಲ್ಲಿಯ ಜನರ ಮನೆಯಲ್ಲಿ ಉಂಡು, ಅವರ ಶಾಲೆ, ಸಹಕಾರ ಸಂಘ, ಆಸ್ಪತ್ರೆಗಳು ನಡೆಯುವ ಬಗೆಯನ್ನು ಕಂಡು ಬರಲು ತರುಣ ತರುಣಿಯರು ಒಂದೆರಡು ವರ್ಷಗಳನ್ನು ತೆಗೆದಿಟ್ಟರೆ ನಷ್ಟವೇನಿದೆ? 1969ರಲ್ಲಿ ಗಾಂಧೀಜಿಯವರ ಜನ್ಮಶತಾಬ್ದಿಯ ಸಂದರ್ಭದಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯು ಆರಂಭವಾದುದು ಇಂತಹ ಉದ್ದೇಶದಿಂದಲೇ. ಅದರ ಶಿಬಿರಗಳನ್ನು ಪ್ರಮಾಣಪತ್ರಕ್ಕಾಗಿ ಸೇರುವವರೇ ಹೆಚ್ಚೆಂಬ ದೂರು ಇದೆ. ಸೇರಿದ ಮೇಲೆ ಮನಸ್ಸು ತಿರುಗಿದವರೂ ಇಲ್ಲದಿಲ್ಲ.

ಮಗನನ್ನಾಗಲಿ ಮಗಳನ್ನಾಗಲಿ ಕಳುಹಿಸಲು ಇಂದಿಗೂ ಅಂಜುವ ತಾಯಿತಂದೆಗಳಿಗೆ ಶ್ರೀ ದಾದಪ್ಪ ಚಿಂತಪ್ಪ ಪಾವಟೆಯವರ ವೃತ್ತಾಂತವನ್ನು ಹೇಳಬಹುದು. ಗೋಕಾಕ ಸೀಮೆಯ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಅವರು ಕೇಂಬ್ರಿಜ್‌ಗೆ ಹೋಗಿ ಗಣಿತದಲ್ಲಿ ರ್‍ಯಾಂಗ್ಲರ್ ಎನಿಸಿದರು. ಮರಳಿ ಬಂದು ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಬಳಿಕ ಮುಂಬಯಿ ಇಲಾಖೆಯ ವಿದ್ಯಾಖಾತೆಯನ್ನು ಸೇರಿ ಅದರ ಮುಖ್ಯಾಧಿಕಾರಿಯಾದರು. 1954ರಲ್ಲಿ ಅವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಬಂದು, ಊರ ಹೊರಗಿನ ಗುಡ್ಡದ ಮೇಲೆ ಅದನ್ನು ಕಟ್ಟುತ್ತ 1967ರವರೆಗೆ ಅಲ್ಲಿಯೇ ನಿಂತರು.