ಮಗ್ಗುಲು ಬದಲಿಸುವ ಕೈ

ಹಾಸಿಗೆ ಹಿಡಿದವರನ್ನು ನೋಡಹೋದವರು ಸಾಮಾನ್ಯವಾಗಿ ಮೂರು ಮಾತು ಕೇಳುತ್ತಾರೆ: ಡಾಕ್ಟರು ಏನು ಹೇಳಿದರು, ಊಟ ಸೇರುತ್ತದೆಯೆ, ನಿದ್ರೆ ಬರುತ್ತದೆಯೆ. ನಾಲ್ಕನೆಯ ಪ್ರಶ್ನೆಯೊಂದಿದೆ; ಅದನ್ನು ಕೇಳುವವರು ಕಡಮೆ. ಬೆನ್ನು ಹೇಗಿದೆ? ಪಾರ್ಶ್ವವಾಯು ಬಡಿದ ಮುದುಕರು, ಸೊಂಟದ ಮೂಳೆ ಮುರಿದುಕೊಂಡ ಅಜ್ಜಿ, ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡ ತರುಣ, ಇಂಥವರಲ್ಲಿ ಎಷ್ಟೋ ಮಂದಿಯನ್ನು ಕಡೆಗೆ ಕೊಂಡೊಯ್ಯುವುದು ಮೂಲ ವ್ಯಾಧಿಯಲ್ಲ; ಮಲಗಿದಲ್ಲೇ ಎದ್ದ ಹುಣ್ಣು, ಆ ಹುಣ್ಣಿನಿಂದ ರಕ್ತಕ್ಕೇರಿದ ನಂಜು. ಈ ಹಾಸಿಗೆ ಹುಣ್ಣಿಗೂ ಒಂದು ಚರಿತ್ರೆಯುಂಟು. ಅದು ಹಣೆಯ ಬರಹವೋ ಆರೈಕೆಯ ಲೋಪವೋ ಎಂಬ ದೀರ್ಘವಾದ ವಾದವೇ ಆ ಚರಿತ್ರೆ.

ಆರೋಗ್ಯವಂತನು ಒಂದೇ ಭಂಗಿಯಲ್ಲಿ ಹೆಚ್ಚು ಹೊತ್ತು ಇರಲಾರ. ನಿದ್ರೆಯಲ್ಲಿಯೂ ಅವನಿಗೆ ತಿಳಿಯದೆಯೇ ದೇಹ ಮಿಸುಕುತ್ತದೆ, ಹೊರಳುತ್ತದೆ. ಆ ಶಕ್ತಿ ಕುಂದಿದಾಗ, ಅಥವಾ ನೋವು ತಿಳಿಯುವ ನರವೇ ಸತ್ತಾಗ, ಮೂಳೆಗೂ ಹಾಸಿಗೆಗೂ ನಡುವೆ ಮಾಂಸ ಸಿಕ್ಕಿಕೊಳ್ಳುತ್ತದೆ. ಸಣ್ಣ ರಕ್ತನಾಳಗಳು ಅಮುಕಿ ಹೋಗುತ್ತವೆ. ರಕ್ತ ಹರಿಯದ ಭಾಗ ಕೆಲವೇ ಗಂಟೆಗಳಲ್ಲಿ ಸಾಯತೊಡಗಬಹುದು. ಎಷ್ಟೋ ವೇಳೆ ಮೊದಲು ಹಾಳಾಗುವುದು ಮೂಳೆಗೆ ಹತ್ತಿರದ ಒಳಮಾಂಸ. ಹೊರಚರ್ಮದಲ್ಲಿ ಗುರುತು ಕಾಣುವುದು ತಡವಾಗಿ. ಸೊಂಟದ ಹಿಂಭಾಗ, ತೊಡೆಯ ಮೇಲ್ಗಡೆಯ ಮೂಳೆ, ಹಿಮ್ಮಡಿ, ಮೊಣಕೈ, ತಲೆಯ ಹಿಂಬದಿ, ಇವು ಅದರ ಮುಖ್ಯ ಸ್ಥಾನಗಳು.

ತುಮಕೂರಿನ ಶೆಟ್ಟಿಹಳ್ಳಿ ಇಂದು ಹೆಸರಿಗೆ ಮಾತ್ರ ಹಳ್ಳಿ. ನಗರ ಅದನ್ನು ತನ್ನೊಳಗೆ ಸೇರಿಸಿಕೊಂಡಿದೆ. ಅಲ್ಲಿಂದ ಬೆಂಗಳೂರಿನ ದಿಕ್ಕಿಗೆ ಹೊರಟರೆ ನಗರದ ಆಚೆ ಪಂಡಿತನಹಳ್ಳಿಯ ಬಳಿ ಮಂದರಗಿರಿ ಸಿಗುತ್ತದೆ. ನಮ್ಮ ಜನ ಅದನ್ನು ಬಸದಿ ಬೆಟ್ಟವೆನ್ನುತ್ತಾರೆ. ಬೆಟ್ಟದ ಮೇಲಿನ ಹಳೆಯ ಜಿನಾಲಯಗಳನ್ನು ಕಂಡವರಿಗೆ ಕನ್ನಡ ನಾಡಿನಲ್ಲಿ ಜೈನಧರ್ಮ ಬಾಳಿದ ಕಾಲ ನೆನಪಾಗುವುದು ಸಹಜ. ಆ ಧರ್ಮದ ಒಂದು ಪ್ರಾಚೀನ ಗ್ರಂಥದಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಲ್ಲುವ ಮಾತಿದೆ. ಅದು ಶಿವಾರ್ಯನ ಪ್ರಾಕೃತ ‘ಭಗವತೀ ಆರಾಧನೆ’. ಕನ್ನಡದ ‘ವಡ್ಡಾರಾಧನೆ’ಯ 19 ಕಥೆಗಳು ಈ ಆರಾಧನಾ ಪರಂಪರೆಯಿಂದಲೇ ಬಂದವು. ಸಲ್ಲೇಖನ ಹಿಡಿದು ಮಲಗಿದ ಮುನಿಯ ಸೇವೆಗೆ 48 ಮಂದಿ ನಿರ್ಯಾಪಕರಿರಬೇಕೆಂದು ಅಲ್ಲಿ ವಿಧಿಸಿದೆ. ಅವರಲ್ಲಿ ನಾಲ್ವರ ಕೆಲಸ ದೇಹದ ಆರೈಕೆ: ಮೈ ನೇವರಿಸುವುದು, ಎಬ್ಬಿಸಿ ಕೂರಿಸುವುದು, ಮಲಗಿಸುವುದು, ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೊರಳಿಸುವುದು, ಕೈಕಾಲು ಚಾಚಿಸಿ ಮಡಿಸುವುದು. ಅದರ ಉದ್ದೇಶ ರೋಗ ವಾಸಿಮಾಡುವುದಲ್ಲ, ಸಾಯುವವನ ಚಿತ್ತ ಕದಡದಂತೆ ಕಾಯುವುದು ಎಂಬುದು ನಿಜ. ಆದರೆ ಹೊರಳಲಾರದವನನ್ನು ಹೊರಳಿಸುವುದು ಒಂದು ನಿಯತ ಕರ್ತವ್ಯವೆಂದೂ, ಅದಕ್ಕೆ ಜನರನ್ನು ಗೊತ್ತುಮಾಡಬೇಕೆಂದೂ ಅಷ್ಟು ಹಿಂದೆಯೇ ಬರೆದಿಟ್ಟದ್ದು ಸಣ್ಣ ಸಂಗತಿಯಲ್ಲ.

ಹುಣ್ಣನ್ನು ಪರೀಕ್ಷಿಸುವ ವಿದ್ಯೆಯೂ ನಮಗೆ ಹೊಸದಲ್ಲ. ವ್ರಣದ ಸ್ಥಾನ, ಬಣ್ಣ, ವಾಸನೆ, ಸ್ರಾವ, ನೋವು ಇವನ್ನೆಲ್ಲ ನೋಡಿ ತಿಳಿಯಬೇಕೆಂದು ಸುಶ್ರುತ ಸಂಹಿತೆ ಹೇಳುತ್ತದೆ. ವ್ರಣಚಿಕಿತ್ಸೆಗೆ 60 ಉಪಕ್ರಮಗಳನ್ನು ಎಣಿಸುತ್ತದೆ. ಇಂದಿನ ದಾದಿ ತನ್ನ ಪಟ್ಟಿಯಲ್ಲಿ ಗುರುತು ಹಾಕುವುದೂ ಬಹುಮಟ್ಟಿಗೆ ಇವೇ ಲಕ್ಷಣಗಳಿಗೆ. ಅಳತೆ, ಆಳ ಎಂಬ ಎರಡು ಸೇರಿವೆ, ಅಷ್ಟೆ.

ಯೂರೋಪಿನಲ್ಲಿ ಈ ವಾದ ಕಾವೇರಿದ್ದು 19ನೆಯ ಶತಮಾನದಲ್ಲಿ. 1832ರಲ್ಲಿ ನೀಲ್ ಆರ್ನಟ್ ಎಂಬ ಸ್ಕಾಟಿಷ್ ವೈದ್ಯ ರೋಗಿಗಳಿಗೆಂದು ನೀರಿನ ಹಾಸಿಗೆಯೊಂದನ್ನು ರಚಿಸಿದ. 1853ರಲ್ಲಿ ಬ್ರೌನ್ ಸೆಕಾರ್ ಎಂಬ ವಿಜ್ಞಾನಿ ಬೆನ್ನುಹುರಿ ಕತ್ತರಿಸಿದ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಒತ್ತಡ ತಪ್ಪಿಸಿ ಮಲಮೂತ್ರ ತೊಳೆದು ಶುಚಿಯಾಗಿಟ್ಟರೆ ಹುಣ್ಣೇಳುವುದಿಲ್ಲವೆಂದು ತೋರಿಸಿದ. 1859ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆಯ ವಿಚಾರವಾಗಿ ಬರೆದ ತನ್ನ ಪುಸ್ತಕದಲ್ಲಿ, ಹಾಸಿಗೆ ಹುಣ್ಣಾದರೆ ದೂರಬೇಕಾದದ್ದು ಸಾಮಾನ್ಯವಾಗಿ ರೋಗವನ್ನಲ್ಲ, ಶುಶ್ರೂಷೆಯನ್ನು ಎಂದು ನಿಷ್ಠುರವಾಗಿ ನುಡಿದಳು. ಇಷ್ಟಾಗಿಯೂ ಗೆದ್ದದ್ದು ಎದುರುಪಕ್ಷ. ಪ್ಯಾರಿಸಿನ ಪ್ರಖ್ಯಾತ ನರರೋಗತಜ್ಞ ಷಾರ್ಕೊ, ನರಮಂಡಲದ ಪೆಟ್ಟೇ ಈ ಹುಣ್ಣಿಗೆ ಕಾರಣ, ಅದು ಮರಣದ ಮುನ್ಸೂಚನೆ ಎಂದು ಬೋಧಿಸಿದ. ದೊಡ್ಡವರ ಮಾತು, ಜನ ನಂಬಿದರು. ಹೇಗಿದ್ದರೂ ಬರುವುದೇ ಎಂದಮೇಲೆ ರಾತ್ರಿ ಎದ್ದು ಹೊರಳಿಸುವವರು ಯಾರು? ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಗುಂಡು ತಗಲಿದ ಸೈನಿಕರಲ್ಲಿ ಬಹುಪಾಲು ಜನ ಹುಣ್ಣಿನ ನಂಜಿನಿಂದಲೂ ಮೂತ್ರದ ಸೋಂಕಿನಿಂದಲೂ ತೀರಿಹೋದರು.

ಈ ನಿರಾಶೆಯನ್ನು ಮುರಿದವನು ಲುಡ್ವಿಗ್ ಗುಟ್‌ಮನ್. ಹಿಟ್ಲರನ ಕಾಟಕ್ಕೆ 1939ರಲ್ಲಿ ಜರ್ಮನಿ ತೊರೆದು ಬಂದ ಈ ಯೆಹೂದಿ ವೈದ್ಯ 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಗಾಯಾಳುಗಳ ವಿಭಾಗವನ್ನು ವಹಿಸಿಕೊಂಡ. ಅವನ ಕಟ್ಟಳೆ ಸರಳ: ಎರಡು ಗಂಟೆಗೊಮ್ಮೆ, ಹಗಲೆನ್ನದೆ ಇರುಳೆನ್ನದೆ, ಪ್ರತಿಯೊಬ್ಬ ರೋಗಿಯನ್ನೂ ಹೊರಳಿಸಬೇಕು. ಸಾಯುವವರೆಂದು ಕೈಬಿಟ್ಟಿದ್ದವರು ಎದ್ದು ಕುಳಿತರು. 1948ರಲ್ಲಿ ಅದೇ ಆಸ್ಪತ್ರೆಯ ಅಂಗಳದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುವಿದ್ಯೆಯ ಸ್ಪರ್ಧೆ ನಡೆಸಿದರು. ಇಂದಿನ ಪ್ಯಾರಾಲಿಂಪಿಕ್ಸ್‌ನ ಬೇರು ಅಲ್ಲಿದೆ. ನಮ್ಮಲ್ಲಿ ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಎ.ಪಿ.ಡಿ. ಸಂಸ್ಥೆ ಮುಂದೆ ಬೆನ್ನುಹುರಿ ಪೆಟ್ಟಿನವರ ಪುನರ್ವಸತಿಗೂ ಕೈಹಾಕಿತು.

ಗುಟ್‌ಮನ್ ಕಂಡುಕೊಂಡದ್ದನ್ನು ಲೆಕ್ಕಕ್ಕೆ ಇಳಿಸಿದವರು ವೃದ್ಧರ ವಾರ್ಡುಗಳಲ್ಲಿ ದುಡಿದವರು. 1961ರಲ್ಲಿ ಎಕ್ಸ್‌ಟನ್ ಸ್ಮಿತ್ ಮತ್ತು ಷೆರ್ವಿನ್ ಎಂಬವರು ಮುದುಕರು ರಾತ್ರಿಯಲ್ಲಿ ಎಷ್ಟು ಸಲ ಮಿಸುಕುತ್ತಾರೆಂದು ಎಣಿಸಿದರು. 50ಕ್ಕಿಂತ ಹೆಚ್ಚು ಸಲ ಮಿಸುಕಿದವರಿಗೆ ಹುಣ್ಣಾಗಲಿಲ್ಲ. 20 ಅಥವಾ ಅದಕ್ಕಿಂತ ಕಡಮೆ ಮಿಸುಕಿದವರಲ್ಲಿ ನೂರಕ್ಕೆ 90 ಮಂದಿಗೆ ಆಯಿತು. ಮರುವರ್ಷ ಡೊರೀನ್ ನಾರ್ಟನ್ ಎಂಬ ದಾದಿ ಸಹೋದ್ಯೋಗಿಗಳೊಡನೆ ತನ್ನ ಅಧ್ಯಯನವನ್ನು ಪ್ರಕಟಿಸಿದಳು. ಸ್ಪಿರಿಟ್ಟು, ಪೌಡರು, ಮುಲಾಮು ಎಂದು ದಾದಿಯರು ತಲೆಮಾರುಗಳಿಂದ ಉಜ್ಜುತ್ತ ಬಂದಿದ್ದರು. ಹಚ್ಚುವ ಯಾವ ವಸ್ತುವೂ ಹೊರಳಿಸುವುದಕ್ಕೆ ಸಾಟಿಯಾಗಲಿಲ್ಲ. ಯಾರಿಗೆ ಹುಣ್ಣಾಗುವ ಭಯವಿದೆಯೆಂದು ಮೊದಲೇ ಅಳೆಯಲು ನಾರ್ಟನ್ ಐದು ಅಂಶಗಳ ಅಂಕಪಟ್ಟಿಯನ್ನೂ ಕೊಟ್ಟಳು. 1987ರಲ್ಲಿ ಅಮೆರಿಕದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಆರು ಅಂಶಗಳ ಪಟ್ಟಿಯನ್ನು ಪ್ರಕಟಿಸಿದರು: ಸ್ಪರ್ಶಜ್ಞಾನ, ಚರ್ಮದ ತೇವ, ಓಡಾಟ, ಹೊರಳುವ ಶಕ್ತಿ, ಆಹಾರ, ಹಾಸಿಗೆಯ ಮೇಲೆ ಮೈ ಜಾರಿ ಉಜ್ಜುವುದು. ಒಟ್ಟು 23 ಅಂಕ. 18 ಅಥವಾ ಅದಕ್ಕೂ ಕೆಳಗೆ ಬಂದರೆ ಎಚ್ಚರಿಕೆ.

ಆದರೂ ಹುಣ್ಣೆದ್ದರೆ ಏನು ಹಚ್ಚಬೇಕೆಂಬ ಪ್ರಶ್ನೆ ಉಳಿದೇ ಇದೆ. ಗಾಯವನ್ನು ಗಾಳಿಗೊಡ್ಡಿ ಒಣಗಿಸಬೇಕೆಂಬುದು ಹಿಂದಿನ ನಂಬಿಕೆ. ಹದವಾದ ತೇವದಲ್ಲಿ ಗಾಯದ ಮೇಲೆ ಹೊಸ ಚರ್ಮ ಬೇಗ ಹಬ್ಬುತ್ತದೆಂದು ಜಾರ್ಜ್ ವಿಂಟರ್ 1962ರಲ್ಲಿ ಹಂದಿಗಳ ಮೇಲಿನ ಪ್ರಯೋಗದಿಂದ ತೋರಿಸಿದ. ನಮ್ಮ ನೆರೆಯ ಸೊಲ್ಲಾಪುರದಲ್ಲಿ, ಸಿದ್ಧರಾಮನ ಸೊನ್ನಲಿಗೆಯಲ್ಲಿ, ವೈದ್ಯ ಎಂ. ಸುಬ್ರಹ್ಮಣ್ಯಂ ಸುಟ್ಟಗಾಯಗಳ ಮೇಲೆ ಜೇನುತುಪ್ಪವನ್ನು ಪರೀಕ್ಷಿಸಿ 1991ರಲ್ಲಿ ಫಲಿತಾಂಶ ಪ್ರಕಟಿಸಿದರು. 52 ಮಂದಿಗೆ ಜೇನಿನ ಪಟ್ಟಿ, 52 ಮಂದಿಗೆ ಬೆಳ್ಳಿಯ ಮುಲಾಮಿನ ಪಟ್ಟಿ. 15 ದಿನಗಳೊಳಗೆ ಜೇನಿನ ಕಡೆ ನೂರಕ್ಕೆ 87, ಮುಲಾಮಿನ ಕಡೆ 10 ಗಾಯಗಳು ಮಾಗಿದುವು. ಇದನ್ನು ಕೇಳಿ ಹಿಗ್ಗುವವರು ಮುಂದಿನದನ್ನೂ ಕೇಳಬೇಕು. ಅದೇ ವೈದ್ಯರು 1999ರಲ್ಲಿ ಪ್ರಕಟಿಸಿದ ಮತ್ತೊಂದು ಪರೀಕ್ಷೆಯಲ್ಲಿ, ಮಧ್ಯಮ ತರಗತಿಯ ಸುಟ್ಟಗಾಯಗಳಿಗೆ ಬೇಗನೆ ಶಸ್ತ್ರಚಿಕಿತ್ಸೆ ಮಾಡಿ ಚರ್ಮ ಕಸಿ ಹಾಕುವುದೇ ಜೇನಿಗಿಂತ ಮೇಲೆಂದು ಕಂಡಿತು. ತಾವು ಹೊಗಳಿದ ಔಷಧದ ಎಲ್ಲೆಯನ್ನು ತಾವೇ ಗುರುತಿಸಿದ ಆ ಪ್ರಾಮಾಣಿಕತೆ ದೊಡ್ಡದು. ಮೇಲಾಗಿ ಅವು ಸುಟ್ಟಗಾಯಗಳು. ಹಾಸಿಗೆ ಹುಣ್ಣಿನ ಮೇಲೆ ಅಮೃತವನ್ನೇ ಹಚ್ಚಿದರೂ ಕೆಳಗಿನ ಒತ್ತಡ ಹಾಗೆಯೇ ಇದ್ದರೆ ಅದು ಮಾಗಲಾರದು.

ಇನ್ನೊಂದು ಮಾತನ್ನು ನಾವು ವಿಶೇಷವಾಗಿ ತಿಳಿಯಬೇಕು. ಒತ್ತಿದರೂ ಬಿಳುಪಾಗದ ಕೆಂಪೇ ಈ ಹುಣ್ಣಿನ ಮೊದಲ ಲಕ್ಷಣವೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಅದು ಬಿಳಿಯ ಮೈಯನ್ನು ಕಂಡವರು ಬರೆದ ಮಾತು. ನಮ್ಮ ಎಣ್ಣೆಗೆಂಪು, ಕಪ್ಪು ಮೈಗಳಲ್ಲಿ ಆ ಕೆಂಪು ಕಾಣದೆಯೇ ಹೋಗಬಹುದು. ಕಣ್ಣಿನ ಜೊತೆಗೆ ಕೈಯೂ ನೋಡಬೇಕು. ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿಯೋ ತಣ್ಣಗೋ ಇದೆಯೆ, ಗಟ್ಟಿಯಾಗಿದೆಯೆ, ಮೆತ್ತಗೆ ತಗ್ಗುತ್ತದೆಯೆ, ಬಣ್ಣ ನೀಲಿಗೋ ನೇರಳೆಗೋ ತಿರುಗಿದೆಯೆ, ಮುಟ್ಟಿದರೆ ನೋಯುತ್ತದೆಯೆ, ಇವನ್ನು ದಿನವೂ ನೋಡಬೇಕು. ಅಂಥ ಜಾಗವನ್ನು ತಿಕ್ಕಿ ನೀವುವುದು ಕೂಡದು. ಒಳಗಿನ ನೊಂದ ಮಾಂಸ ಇನ್ನಷ್ಟು ಹರಿಯುತ್ತದೆ. ನಡುವೆ ತೂತಿರುವ ರಬ್ಬರ್ ಬಳೆಯ ಮೇಲೆ ಕೂರಿಸುವುದೂ ತರವಲ್ಲ. ಅದರ ಅಂಚೇ ರಕ್ತವನ್ನು ತಡೆಯುತ್ತದೆ. ಹಿಮ್ಮಡಿ ಹಾಸಿಗೆಗೆ ತಾಕದಂತೆ ಕಾಲಿನ ಕೆಳಗೆ ದಿಂಬು, ಒದ್ದೆಯಾದೊಡನೆ ಬಟ್ಟೆ ಬದಲಾವಣೆ, ಬೇಳೆ ಹಾಲು ಮೊಟ್ಟೆಯಂಥ ಪುಷ್ಟಿಯ ಆಹಾರ, ಹೊತ್ತು ಹೊತ್ತಿಗೆ ಮಗ್ಗುಲು: ಇವೇ ಮನೆಮದ್ದು. ಚರ್ಮ ಒಡೆದರೆ ವೈದ್ಯರಿಗೆ ತೋರಿಸಲು ತಡಮಾಡಬಾರದು.

ಭಗವತೀ ಆರಾಧನೆ ಒಬ್ಬ ಮುನಿಯ ದೇಹಸೇವೆಗೆ ನಾಲ್ವರನ್ನು ಗೊತ್ತುಮಾಡಿತು; ಗುಟ್‌ಮನ್ ಒಂದು ವಾರ್ಡಿನ ಸಿಬ್ಬಂದಿಯನ್ನೇ ತೊಡಗಿಸಿದ. ನಮ್ಮ ಮನೆಗಳಲ್ಲಿ ಈ ಕೆಲಸ ಸಾಮಾನ್ಯವಾಗಿ ಒಬ್ಬಳೇ ಹೆಂಗಸಿನ ಪಾಲಿಗೆ ಬರುತ್ತದೆ: ಸೊಸೆಗೆ, ಮಗಳಿಗೆ, ಇಲ್ಲವೆ ತಾನೂ ಮುದುಕಿಯಾದ ಹೆಂಡತಿಗೆ. ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಏಳಬೇಕಾದವಳು ಅವಳೊಬ್ಬಳೇ ಆದರೆ, ಒಂದು ದಿನ ಅವಳು ಏಳದೆ ಮಲಗಿಬಿಟ್ಟದ್ದನ್ನು ತಪ್ಪೆನ್ನುವವರು ಯಾರು? ಹಾಸಿಗೆ ಹುಣ್ಣು ಹಣೆಬರಹವಲ್ಲವೆಂದು ಈ ಚರಿತ್ರೆ ತೋರಿಸಿಕೊಟ್ಟಿದೆ. ಹಣೆಬರಹವಲ್ಲದ ಮೇಲೆ ಅದು ಹೊಣೆ. ಆ ಹೊಣೆಯನ್ನು ಮನೆಯವರೆಲ್ಲ ಸರದಿಯ ಮೇಲೆ ಹೊತ್ತುಕೊಂಡಾಗಲೇ ಮಲಗಿದವರ ಬೆನ್ನೂ ಉಳಿದೀತು, ಎತ್ತುವವಳ ಬೆನ್ನೂ ಉಳಿದೀತು.