ಚಮಚದ ಹಿಡಿಯಲ್ಲಿ ಒಬ್ಬ ಮಾಟಗಾತಿ

ಪರದೇಶದಿಂದ ಬಂದ ನೆಂಟರು ಕೈಗಿತ್ತ ಪುಟ್ಟ ಚಮಚವೊಂದು ಹಲವರ ಮನೆಯ ಶೋಕೇಸಿನಲ್ಲಿ ಕುಳಿತಿರುತ್ತದೆ. ಹಿಡಿಯ ತುದಿಯಲ್ಲಿ ನಯಾಗರ ಜಲಪಾತವೋ ಐಫೆಲ್ ಗೋಪುರವೋ ಇರುತ್ತದೆ. ಅದರಿಂದ ಯಾರೂ ಸಕ್ಕರೆ ಕಲಕುವುದಿಲ್ಲ. ‘ಅಲ್ಲಿಗೆ ಹೋಗಿ ಬಂದೆವು’ ಎಂದು ಸಾರುವುದಷ್ಟೇ ಅದರ ಕೆಲಸ. ಅಷ್ಟಕ್ಕೆ ಚಮಚವೇ ಏಕೆ ಬೇಕಾಯಿತು? ಈ ಪ್ರಶ್ನೆಯ ಬೆನ್ನು ಹತ್ತಿದರೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸೇಲಂ ಎಂಬ ಬಂದರು ಪಟ್ಟಣ ಎದುರಾಗುತ್ತದೆ. ನಮ್ಮ ನೆರೆಯ ತಮಿಳುನಾಡಿನ ಸೇಲಂ ಅಲ್ಲ, ಬೇರೆಯದು. ಅಲ್ಲಿನ ಒಬ್ಬ ಬೆಳ್ಳಿ ವ್ಯಾಪಾರಿ ಮತ್ತು ಗಲ್ಲಿಗೇರಿದ 19 ಮಂದಿ ಈ ಕಥೆಯಲ್ಲಿದ್ದಾರೆ.

ಚಮಚಕ್ಕೆ ಗೌರವ ಸಿಕ್ಕಿದ್ದು ನಿನ್ನೆ ಮೊನ್ನೆಯಲ್ಲ. ನಮ್ಮಲ್ಲಿ ಕೂಸಿಗೆ ಬೆಳ್ಳಿಯ ಒಳಲೆ ಉಡುಗೊರೆ ಕೊಡುವಂತೆ ಇಂಗ್ಲೆಂಡಿನಲ್ಲಿ ನಾಮಕರಣಕ್ಕೆ ಬೆಳ್ಳಿ ಚಮಚ ಕೊಡುತ್ತಿದ್ದರು. ಅದರ ಹಿಡಿಯ ತುದಿಯಲ್ಲಿ ಯೇಸುವಿನ ಶಿಷ್ಯನೊಬ್ಬನ ಪುಟ್ಟ ಮೂರ್ತಿ. ಉಳ್ಳವರಾದರೆ ಯೇಸುವನ್ನೂ ಸೇರಿಸಿ 13 ಚಮಚಗಳ ಪೂರ್ತಿ ಜೊತೆ. ಆಚಮನದ ಉದ್ಧರಣೆಯ ತುದಿಯಲ್ಲಿ ನಾಗರ ಹೆಡೆ ನೋಡಿ ಬೆಳೆದ ನಮಗೆ ಇದು ಹೊಸದೇನಲ್ಲ. ಬ್ರಿಟನ್ನಿನ ಅರಸರ ಪಟ್ಟಾಭಿಷೇಕದಲ್ಲಿ ಅಭಿಷೇಕದ ತೈಲಕ್ಕೆ ಬಳಸುವ ಚಮಚ 12ನೇ ಶತಮಾನದ್ದು. 1649ರಲ್ಲಿ ದೊರೆಯ ತಲೆ ಕಡಿದ ಮೇಲೆ ರಾಜಚಿಹ್ನೆಗಳನ್ನೆಲ್ಲ ಕರಗಿಸಿದಾಗ ಅರಮನೆಯ ಒಬ್ಬ ನೌಕರ ಇದನ್ನು 16 ಷಿಲಿಂಗ್ ಕೊಟ್ಟು ಕೊಂಡುಕೊಂಡ. ಅರಸೊತ್ತಿಗೆ ಮರಳಿದಾಗ ಅದನ್ನು ಹಿಂದಿರುಗಿಸಿದ. 2023ರಲ್ಲಿ ಮೂರನೇ ಚಾರ್ಲ್ಸ್‌ಗೆ ಅಭಿಷೇಕವಾದದ್ದು ಇದೇ ಚಮಚದಿಂದ!

ಆದರೆ ಊರಿನ ಹೆಸರು ಹೊತ್ತ ಚಮಚ ಮಧ್ಯಮ ವರ್ಗದವರ ಹುಚ್ಚಾಗಿ ಬೆಳೆದದ್ದು 19ನೇ ಶತಮಾನದ ಕೊನೆಯ ದಶಕದ ಅಮೆರಿಕದಲ್ಲಿ. 1859ರಲ್ಲಿ ನೆವಾಡದಲ್ಲಿ ಭಾರಿ ಬೆಳ್ಳಿ ನಿಕ್ಷೇಪ ಸಿಕ್ಕಿತ್ತು. ಮುಂದಿನ ದಶಕಗಳಲ್ಲಿ ಬೆಳ್ಳಿಯ ಬೆಲೆ ಇಳಿಯಿತು. ರೈಲು ಹಳಿಗಳು ದೇಶದ ಉದ್ದಗಲ ಹರಡಿದವು. ಪ್ರವಾಸ ಹೋದವರಿಗೆ ನೆನಪಿಗೊಂದು ವಸ್ತು ಬೇಕು. ಅದಕ್ಕಾಗಿ ಪ್ಲಿಮತ್‌ನ ಚಾರಿತ್ರಿಕ ಬಂಡೆಯನ್ನೇ ಚೂರು ಚೂರು ಕೆತ್ತಿಕೊಂಡು ಹೋದ ಜನ ಅವರು. ಚಮಚವಾದರೆ ಜೇಬಿನಲ್ಲಿ ಹಿಡಿಸುತ್ತದೆ, ಒಡೆಯುವುದಿಲ್ಲ, ಬೆಳ್ಳಿಯಾದ್ದರಿಂದ ದುಡ್ಡು ದಂಡವಾಯಿತೆಂಬ ಕೊರಗೂ ಇಲ್ಲ.

1889ರಲ್ಲಿ ರಾಜಧಾನಿ ವಾಷಿಂಗ್ಟನ್ನಿನ ಗಾಲ್ಟ್ ಎಂಬ ಮಳಿಗೆ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನನ ಮುಖವಿದ್ದ ಚಮಚ ತಂದಿತು. ಆದರೆ ಈ ಹುಚ್ಚಿಗೆ ಬೆಂಕಿ ಹಚ್ಚಿದ್ದು ಸೇಲಂನ ವ್ಯಾಪಾರಿ ಡೇನಿಯಲ್ ಲೋ. ಯುರೋಪ್ ಪ್ರವಾಸದಲ್ಲಿ ಇಂಥ ಚಮಚಗಳನ್ನು ಕಂಡು ಬಂದಿದ್ದ ಆತ ತನ್ನ ಊರಿಗೂ ಒಂದು ಚಮಚ ಮಾಡಿಸಿದ. 1891ರ ಜನವರಿಯಲ್ಲಿ ಅದರ ಹಕ್ಕನ್ನೂ ನೋಂದಾಯಿಸಿಕೊಂಡ. ಚಮಚದ ಮೇಲಿದ್ದವು ಮೂರೇ ಸಂಗತಿ: ಪೊರಕೆ ಹಿಡಿದ ಮಾಟಗಾತಿ, ಸೇಲಂ ಎಂಬ ಹೆಸರು, ಮೂರು ಗುಂಡುಸೂಜಿಗಳು.

ಮಾಟಗಾತಿ ಸರಿ, ಈ ಗುಂಡುಸೂಜಿಗಳೇಕೆ? ಅಲ್ಲಿದೆ ನೋಡಿ ಕಥೆಯ ಮರ್ಮ.

1692ರಲ್ಲಿ ಸೇಲಂ ಸುತ್ತಮುತ್ತಲ ಕೆಲವು ಹುಡುಗಿಯರು ವಿಚಿತ್ರವಾಗಿ ಚೀರಾಡತೊಡಗಿದರು. ಯಾರೋ ಅದೃಶ್ಯವಾಗಿ ಬಂದು ತಮ್ಮನ್ನು ಚಿವುಟುತ್ತಾರೆ, ಸೂಜಿಯಿಂದ ಚುಚ್ಚುತ್ತಾರೆ ಎಂದರು. ಹೆಸರು ಹೇಳಿ ಎಂದಾಗ ನೆರೆಹೊರೆಯವರ ಹೆಸರು ಹೇಳಿದರು. ನೂರೈವತ್ತಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. 14 ಹೆಂಗಸರು, ಐವರು ಗಂಡಸರು ಗಲ್ಲಿಗೇರಿದರು. ವಿಚಾರಣೆಗೆ ಒಪ್ಪದ ಜೈಲ್ಸ್ ಕೋರಿ ಎಂಬ ವೃದ್ಧ ರೈತನ ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಸೆರೆಮನೆಯಲ್ಲೇ ಸತ್ತವರು ಬೇರೆ. ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಂದವೆನ್ನಲಾದ ಸೂಜಿಗಳನ್ನು ಸೇಲಂ ಕೋರ್ಟಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಲೋ ತನ್ನ ಚಮಚದ ಮೇಲೆ ಅಚ್ಚು ಹಾಕಿಸಿದ್ದು ಅವನ್ನೇ. ಇಪ್ಪತ್ತು ಜನರ ಪ್ರಾಣ ತೆಗೆದ ಸುಳ್ಳು ಸಾಕ್ಷ್ಯ ಚಹಾ ಚಮಚದ ಅಲಂಕಾರವಾಯಿತು.

ಇನ್ನೊಂದು ವಿಚಿತ್ರವಿದೆ. ಲೋ ಅವರ ಅಂಗಡಿ ಇದ್ದದ್ದು ಸೇಲಂನ ಮೊದಲ ಚರ್ಚಿನ ಕಟ್ಟಡದಲ್ಲಿ. 1692ರ ಜುಲೈನಲ್ಲಿ 71 ವರ್ಷದ ರೆಬೆಕಾ ನರ್ಸ್ ಎಂಬ ಸಾಧ್ವಿಯನ್ನು ಬಹಿಷ್ಕರಿಸಿದ್ದು ಇದೇ ಸಭೆ. ಅದೇ ತಿಂಗಳ 19ರಂದು ಆಕೆಯನ್ನು ಗಲ್ಲಿಗೇರಿಸಲಾಯಿತು. ತಪ್ಪಾಯಿತೆಂದು ಚರ್ಚು ಬಹಿಷ್ಕಾರ ರದ್ದುಪಡಿಸಿದ್ದು 1712ರಲ್ಲಿ.

ಚಮಚಕ್ಕೆ ಬೇರೆ ಚಿತ್ರ ಸಿಗಲಿಲ್ಲವೇ? ಸಿಗುತ್ತಿತ್ತು. ಸೇಲಂ ಹಡಗುಗಳ ಊರು. ಸುಮಾತ್ರದ ಕರಿಮೆಣಸು ತಂದು ಶ್ರೀಮಂತವಾದ ಊರು. ಭಾರತಕ್ಕೂ ಅದರ ಹಡಗುಗಳು ಬರುತ್ತಿದ್ದವು. ಇಲ್ಲಿನ ನಾವಿಕರು 1799ರಲ್ಲೇ ಈಸ್ಟ್ ಇಂಡಿಯಾ ಮರೀನ್ ಸೊಸೈಟಿ ಕಟ್ಟಿ, ಪೂರ್ವ ದೇಶಗಳಿಂದ ತಂದ ವಸ್ತುಗಳ ಸಂಗ್ರಹಾಲಯ ಮಾಡಿದ್ದರು. ಹಾಯಿ ಬಿಚ್ಚಿದ ಹಡಗೊಂದನ್ನು ಹಾಕಬಹುದಿತ್ತು. ಆದರೆ ಹಡಗಿನ ಚಿತ್ರ ಯಾವ ಬಂದರಿನದ್ದೂ ಆಗಬಹುದು. ಮಾಟಗಾತಿ ಸೇಲಂಗೆ ಮಾತ್ರ. ವ್ಯಾಪಾರಿಯ ಕಣ್ಣು ತಪ್ಪಲಿಲ್ಲ. ಪೊರಕೆಯೇರಿ ಹಾರುವ ಮುದುಕಿ ಮಕ್ಕಳ ಕಥೆಯವಳು. ಗಲ್ಲಿಗೇರಿದವರು ದನ ಕರು, ಹೊಲ ಮನೆ ನೋಡಿಕೊಂಡಿದ್ದ ಸಂಸಾರಸ್ಥರು. ಚಮಚದ ಮೇಲೆ ಕುಳಿತವಳು ಕಥೆಯವಳು.

ಚಮಚ ಸಾವಿರ ಸಾವಿರ ಮಾರಾಟವಾಯಿತು. ಬೆಕ್ಕು, ಬಾಗಿದ ಚಂದ್ರನಿರುವ ಎರಡನೇ ಮಾದರಿಯೂ ಬಂತು. ಉಳಿದ ಊರುಗಳು ಸುಮ್ಮನಿದ್ದಾವೆಯೇ? ಒಂದೆರಡು ವರ್ಷದಲ್ಲಿ ಅಮೆರಿಕದ ಊರೂರಿಗೂ ಚಮಚ ಬಂತು. 1893ರ ಷಿಕಾಗೋ ವಿಶ್ವ ಮೇಳದಲ್ಲಂತೂ ಕೊಲಂಬಸನ ಚಮಚಗಳದ್ದೇ ಜಾತ್ರೆ. ಅದೇ ವರ್ಷ, ಅದೇ ಊರಿನಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದ್ದು ನಮಗೆ ಗೊತ್ತೇ ಇದೆ.

ಇಂದು ಇವು ಹಳೆಯ ಬೆಳ್ಳಿ ಸಂಗ್ರಹಿಸುವವರ ಪಾಲಿನ ನಿಧಿ. ಕೊಳ್ಳುವವರು ಮೊದಲು ನೋಡುವುದು ಹಿಡಿಯ ಹಿಂಬದಿಯನ್ನು. ಇಂಗ್ಲೆಂಡಿನ ಬೆಳ್ಳಿಯಾದರೆ ನಡೆಯುತ್ತಿರುವ ಸಿಂಹದ ಮುದ್ರೆ. ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾದದ್ದು. ಅಮೆರಿಕದಲ್ಲಿ ‘ಸ್ಟರ್ಲಿಂಗ್’ ಎಂಬ ಪದವೇ ಮುದ್ರೆ. ಸಾವಿರ ಪಾಲಿನಲ್ಲಿ 925 ಪಾಲು ಶುದ್ಧ ಬೆಳ್ಳಿ ಎಂದು ಅರ್ಥ. ಗೋಡೆಗೆ ತೂಗುಹಾಕಲು ಗಾಡಿ ಕೊರೆದ ಮರದ ಚೌಕಟ್ಟುಗಳುಂಟು. ತೆರೆದಿಟ್ಟರೆ ಗಾಳಿಯಲ್ಲಿನ ಗಂಧಕದ ಅಂಶದಿಂದ ಬೆಳ್ಳಿ ಕಪ್ಪಾಗುತ್ತದೆ. ರಬ್ಬರ್ ಬ್ಯಾಂಡಾಗಲಿ, ಉಣ್ಣೆ ಬಟ್ಟೆಯಾಗಲಿ ತಗುಲಿದರೆ ಇನ್ನೂ ಬೇಗ. ಹಾಗೆಂದು ನಮ್ಮ ಗೃಹಿಣಿಯರು ಹಬ್ಬದ ಹಿಂದಿನ ದಿನ ದೀಪದ ಕಂಬ ತಿಕ್ಕುವಂತೆ ತಿಕ್ಕಿದರೆ ಚಿತ್ರವೇ ಸವೆದು ಹೋಗುತ್ತದೆ. ಅನುಭವಿಗಳು ಗೆರೆಗಳ ಸಂದಿನ ಕಪ್ಪನ್ನು ಹಾಗೇ ಬಿಡುತ್ತಾರೆ. ಆ ಕಪ್ಪಿನಿಂದಲೇ ಮುಖದ ಗೆರೆಗಳು ಎದ್ದು ಕಾಣುವುದು.

ಸೇಲಂ ಇಂದು ಮಾಟಗಾತಿಯ ಹೆಸರಿನಲ್ಲೇ ಪ್ರವಾಸಿಗರನ್ನು ಸೆಳೆಯುತ್ತದೆ. ಪೊಲೀಸರ ಲಾಂಛನದ ಮೇಲೂ ಪೊರಕೆಯ ಮುದುಕಿಯೇ. ಸತ್ತ 20 ಮಂದಿಯ ಹೆಸರು ಕೆತ್ತಿದ ಕಲ್ಲಿನ ಆಸನಗಳ ಸ್ಮಾರಕವೊಂದು ಊರ ನಡುವೆ ಎದ್ದದ್ದು 1992ರಲ್ಲಿ, ಮುನ್ನೂರು ವರ್ಷಗಳ ನಂತರ. ಶಿಕ್ಷೆಗೊಳಗಾದವರ ಹೆಸರಿನ ಕಳಂಕವನ್ನು ಸರ್ಕಾರ 1711, 1957, 2001ರಲ್ಲಿ ಕಂತು ಕಂತಾಗಿ ತೊಳೆಯಿತು. ಆದರೂ ಒಬ್ಬಳು ಉಳಿದುಬಿಟ್ಟಿದ್ದಳು. ಎಲಿಜಬೆತ್ ಜಾನ್ಸನ್ ಎಂಬಾಕೆಗೆ 1693ರಲ್ಲಿ ಮರಣದಂಡನೆ ವಿಧಿಸಲಾಗಿತ್ತು, ಗಲ್ಲಿಗೇರಿಸಲಿಲ್ಲ. ಶಾಲಾ ಮಕ್ಕಳ ಗುಂಪೊಂದು ಅವಳ ಪರವಾಗಿ ಬೆನ್ನು ಹತ್ತಿದ ಮೇಲೆ, 2022ರಲ್ಲಿ ಶಾಸನಸಭೆ ಅವಳನ್ನು ನಿರಪರಾಧಿ ಎಂದು ಘೋಷಿಸಿತು. ಡೇನಿಯಲ್ ಲೋ ಚಮಚ ಮಾರುತ್ತಿದ್ದ ದಿನಗಳಲ್ಲಿ ಆಕೆ ಕಾನೂನಿನ ಕಡತದಲ್ಲಿ ಇನ್ನೂ ಮಾಟಗಾತಿಯಾಗಿಯೇ ಇದ್ದಳು.